ನಿಜ್ವಾದಲ್ಲಿ ಅಕ್ಕ ಪರಾರಿ

ಮಸ್ಕತ್, ಇಳಿದ ದಿನ

ಅರಬ್ಬರ ನೆಲದಲ್ಲಿ ನಾನು ಆಡಿದ ಮೊದಲ ಅರಬ್ಬಿ ವಾಕ್ಯಕ್ಕೆ ಟ್ಯಾಕ್ಸಿಯವನು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಮನಸಾರೆ ನಕ್ಕ. ‘ಅಜ್ಜಿಲ್ ಬಿನಾ’ ಎಂದಿದ್ದೆ. ನಮ್ಮನ್ನು ಬೇಗ ಮುಟ್ಟಿಸಪ್ಪಾ ಅನ್ನುವ ಅರ್ಥದಲ್ಲಿ. ನಗು ನಿಂತ ಮೇಲೆ ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಅಚ್ಚುಕಟ್ಟಾದ ಹಿಂದಿಯಲ್ಲಿ ಹೇಳಿದ: “ಮೇಡಂ, ನೀವು ಹೇಳಿದ್ದು ಒಂಟೆ ಓಡಿಸುವವನಿಗೆ ಸರಿಹೋಗ್ತದೆ. ಇದು ಕಾರು. ದಾರಿಯುದ್ದಕ್ಕೂ ಕ್ಯಾಮೆರಾ ಇದೆ.”

ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ ಇಷ್ಟು ಸಾಕಾಯಿತು. “ನಿನ್ನ ಆತುರ ಸಮುದ್ರ ದಾಟಿದ್ರೂ ಹೋಗ್ಲಿಲ್ಲ ನೋಡು” ಎಂದಳು.

ನನ್ನ ಅರಬ್ಬಿ ಪುಸ್ತಕದ್ದು. ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಾ, ಹಳೆಯ ಕಂದಾಯ ಕಡತಗಳ ಜಾರಿ, ದಾಖಲೆ, ಹಾಜರಿ ಮುಂತಾದ ಮಾತುಗಳ ಬೆನ್ನು ಹತ್ತಿದವಳು ನಾನು. ಅವುಗಳ ಮೂಲ ಹುಡುಕಿಕೊಂಡು ಮಂಡಿ ಮೊಹಲ್ಲಾದ ವಯಸ್ಸಾದ ಮೇಷ್ಟ್ರೊಬ್ಬರ ಬಳಿ ಅರಬ್ಬಿ ವ್ಯಾಕರಣ ಕಲಿತೆ. ಧಾತುಗಳನ್ನು ಗಟ್ಟಿ ಮಾಡಿದ್ದೆನೇ ಹೊರತು ಆ ಭಾಷೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಂಡವಳಲ್ಲ. ಒಮಾನಿನ ನಿಜ್ವಾ ಊರಿನ ಜುವೈನಾ ಎಂಬ ನಿವೃತ್ತ ಅರಬ್ಬಿ ಉಪಾಧ್ಯಾಯಿನಿ ಆನ್‌ಲೈನ್ ತರಗತಿಯೊಂದರಲ್ಲಿ ಪರಿಚಯವಾಗಿದ್ದರು. ವೇಗಕ್ಕೆ ಸಂಬಂಧಪಟ್ಟ ಹಳೆಯ ಅರಬ್ಬಿ ಪದಗಳನ್ನೆಲ್ಲ ಒಂದೆಡೆ ಸೇರಿಸಿ, ಒಂದೊಂದರ ಮೂಲಾರ್ಥ ಬರೆದು, ಸಮುದ್ರದಾಚೆಯ ಭಾಷೆಗಳಲ್ಲಿ ಅವಕ್ಕೆ ಸಮಾನ ಪದ ಕೊಡುವ ಸಣ್ಣ ಕೋಶವೊಂದನ್ನು ಅವರು ಮಾಡುತ್ತಿದ್ದಾರೆ. ಕನ್ನಡದ ಪಾಲು ನನ್ನದು. “ಬಂದುಬಿಡಿ, ಒಂದಷ್ಟು ದಿನ ಎದುರುಬದುರು ಕೂತು ಮುಗಿಸೋಣ” ಎಂದು ಕರೆದರು.

ಅಕ್ಕನನ್ನು ಬಿಟ್ಟು ಬರುವಂತಿರಲಿಲ್ಲ. ಸರೋಜಕ್ಕ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿದ್ದವಳು. ಹರೆಯದಲ್ಲಿ ರಾಜ್ಯದ ಪರವಾಗಿ ಎಂಟುನೂರು ಮೀಟರ್ ಓಡಿದವಳು. ಮದುವೆಯಾಗಲಿಲ್ಲ. ಅಗ್ರಹಾರದ ಗಲ್ಲಿಯೊಂದರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ಈಚೆಗೆ ಬಲಮಂಡಿ ಬದಲಾಯಿಸಿದ ಮೇಲೆ ವೈದ್ಯರು ಧಾರಾಳವಾಗಿ ನಡೆಯಿರಿ ಎಂದಿದ್ದಾರೆ. ನಾನು ಮಾತ್ರ ಅವಳು ಎದ್ದರೆ ಏಳುತ್ತೇನೆ, ಅವಳು ಕೂತರೂ ಏಳುತ್ತೇನೆ. ಬಸ್ಸು ಕೆ.ಆರ್. ಸರ್ಕಲ್ ದಾಟುವ ಮೊದಲೇ ಇಳಿಯುವ ಬಾಗಿಲಲ್ಲಿ ಹೋಗಿ ನಿಲ್ಲುವ ಜಾತಿ ನನ್ನದು.

ಮಸ್ಕತ್ತಿನ ಬೀದಿಗಳು ಬಿಳಿ ಬಣ್ಣ ಬಳಿದು ಒಣಗಲು ಬಿಟ್ಟ ಹಾಗಿದ್ದವು. ಹಾರ್ನ್ ಸದ್ದಿಲ್ಲ, ಕೂಗಿ ಮಾರುವವರಿಲ್ಲ. ಅಕ್ಕನಿಗೆ ಹುಚ್ಚು ಹಿಡಿಸಿದ್ದು ಮಾತ್ರ ಒಂದೇ ಸಂಗತಿ: ನಾವು ರಸ್ತೆಯ ಅಂಚಿಗೆ ಬಂದು ನಿಂತರೆ ಸಾಕು, ಎರಡೂ ಕಡೆಯ ಕಾರುಗಳು ನಿಂತುಬಿಡುತ್ತಿದ್ದವು. ಸಯ್ಯಾಜಿರಾವ್ ರಸ್ತೆ ದಾಟಲು ಕೈ ಅಡ್ಡ ಹಿಡಿದು ಯುದ್ಧಕ್ಕೆ ಹೊರಟಂತೆ ಹೊರಡುವ ನಮಗೆ ಇದು ನಂಬಲಾಗದ ಮಾತು. ಅಕ್ಕ ಒಮ್ಮೆ ದಾಟಿದಳು. ಯಾವ ಕೆಲಸವೂ ಇಲ್ಲದೆ ವಾಪಸು ದಾಟಿದಳು. ಮತ್ತೆ ಹೊರಟಳು. ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು, ಕೋಲು ಆಡಿಸುತ್ತಾ, ನಿಂತ ಕಾರಿನವರಿಗೆಲ್ಲ ತಲೆಬಾಗಿಸಿ ಹೋಗುತ್ತಿದ್ದ ಅವಳಿಗೆ ನಾನು ಈಚೆಯಿಂದ “ಅಕ್ಕಾ, ನಿಧಾನ! ನಿಧಾನ ಕಣಕ್ಕ!” ಎಂದು ಕೂಗುತ್ತಲೇ ಇದ್ದೆ. ಆ ನಿಶ್ಶಬ್ದ ಊರಿನಲ್ಲಿ ಗದ್ದಲವಾಗಿದ್ದದ್ದು ನನ್ನದೊಂದೇ ದನಿ.

ನಿಜ್ವಾ, ಉಸ್ತಾದಾ ಅವರ ಪಡಸಾಲೆ

ಜುವೈನಾ ಅವರನ್ನು ಊರೆಲ್ಲ ಉಸ್ತಾದಾ ಅನ್ನುತ್ತದೆ, ನಾವು ಮೇಡಂ ಅನ್ನುವ ಹಾಗೆ. ದುಂಡು ಮುಖ, ಗಟ್ಟಿ ದನಿ. ಅವರ ಪಡಸಾಲೆಯಲ್ಲಿ ಕುರ್ಚಿಯೇ ಇಲ್ಲ, ಗೋಡೆಯುದ್ದಕ್ಕೂ ದಿಂಬುಗಳು. ಅಕ್ಕನಿಗೆ ನೆಲದ ಮೇಲೆ ಕೂರಲಾಗದೆಂದು ಅಡುಗೆಮನೆಯಿಂದ ಕುರ್ಚಿ ತರಿಸಿದರು. ಹಾಗಾಗಿ ಅಕ್ಕ ಸಿಂಹಾಸನದಲ್ಲಿ, ನಾವಿಬ್ಬರು ವಿದ್ವಾಂಸರು ಕೆಳಗೆ. ಮೂವರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ.

ಮೊದಲು ಖರ್ಜೂರ, ಆಮೇಲೆ ಕಹ್ವಾ. ಏಲಕ್ಕಿ ಹಾಕಿದ ಕಹಿ ಕಾಫಿ, ಹಾಲೂ ಇಲ್ಲ ಸಕ್ಕರೆಯೂ ಇಲ್ಲ, ಒಂದು ಗುಟುಕಿನಷ್ಟು ಸಣ್ಣ ಬಟ್ಟಲು. ಖಾಲಿ ಮಾಡಿ ಕೆಳಗಿಟ್ಟರೆ ಮತ್ತೆ ತುಂಬುತ್ತಿದ್ದರು. ಬೇಡ ಎನ್ನುವುದು ಮರ್ಯಾದೆಯಲ್ಲವೆಂದು ಕುಡಿದೆ. ಮತ್ತೆ ತುಂಬಿದರು. ಕುಡಿಯುತ್ತಲೇ ಹೋದೆ. ಕಡೆಗೆ ನನ್ನ ಕೈ ನಡುಗಲು ಶುರುವಾಯಿತು, ಎದೆ ಡವಡವ ಅನ್ನುತ್ತಿತ್ತು. ಅಕ್ಕ ಬಗ್ಗಿ ಪಿಸುಗುಟ್ಟಿದಳು: “ಲೋಟ ಹಿಂಗೆ ಅಲ್ಲಾಡಿಸಿ ಕೊಡ್ಬೇಕು ಕಣೇ, ಆವಾಗ ಸಾಕು ಅಂತ. ನಾನು ಆಗಲೇ ಕೊಟ್ಟೆ.” ಬಂದ ಮೊದಲ ಗಳಿಗೆಯಲ್ಲೇ ಅವಳು ಅಲ್ಲಿನವರ ಕೈ ನೋಡಿ ಕಲಿತಿದ್ದಳು. ನಾನು ಪದಗಳನ್ನು ನೋಡುತ್ತಿದ್ದೆ.

ಆ ನಡುಕದಲ್ಲೇ ಕೆಲಸ ಶುರುವಾಯಿತು. ಮೊದಲ ಪದ ‘ರಕದ’. ಓಡಿದನು. ಉಸ್ತಾದಾ ಕೇಳಿದರು: “ಇದರ ಮೂಲದಲ್ಲಿ ಓಟವೇ ಇಲ್ಲ, ಗೊತ್ತಾ? ಕಾಲಿನಿಂದ ಒದೆಯುವುದು. ಸವಾರ ಕುದುರೆಯ ಪಕ್ಕೆಗೆ ಹಿಮ್ಮಡಿಯಿಂದ ಒದೆಯುತ್ತಾನೆ. ಒದ್ದವನು ಇವನು, ಓಡಿದ್ದು ಅದು. ಬರಬರುತ್ತಾ ಒದೆತ ಮರೆತು ಓಟ ಉಳಿಯಿತು.”

ಅಕ್ಕ ಕುರ್ಚಿಯಲ್ಲೇ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿದಳು. “ಸರಿಯಾಗೇ ಇದೆ. ನಾನು ಮಕ್ಕಳಿಗೆ ಹೇಳ್ತಿದ್ದದ್ದೂ ಅದೇ. ಓಡೋದು ಅಂದ್ರೆ ಮುಂದೆ ಹೋಗೋದಲ್ಲ, ನೆಲಾನ ಹಿಂದಕ್ಕೆ ಒದೆಯೋದು.”

ಉಸ್ತಾದಾ ಪೆನ್ನು ಕೆಳಗಿಟ್ಟು ಅಕ್ಕನ ಕಡೆ ತಿರುಗಿ ಕೂತರು. ಅಲ್ಲಿಂದ ಮುಂದೆ ಒಂದೊಂದು ಪದಕ್ಕೂ ಮೊದಲು ಅಕ್ಕನ ಅಭಿಪ್ರಾಯ ಕೇಳುವುದು ರೂಢಿಯಾಯಿತು. ‘ಹರ್ವಲ’ ಎಂದರೆ ನಡಿಗೆಗೂ ಓಟಕ್ಕೂ ನಡುವಿನದು. ನಾನು ‘ದಾಪುಗಾಲು’ ಎಂದೆ. ಅಕ್ಕ ಒಪ್ಪಲಿಲ್ಲ. ದಾಪುಗಾಲು ಉದ್ದ ಹೆಜ್ಜೆ, ಇದು ಚಿಕ್ಕ ಹೆಜ್ಜೆ ಬೇಗ ಬೇಗ ಇಡೋದು, ಬಿರಬಿರ ನಡಿಗೆ ಅಂತ ಹಾಕು ಎಂದಳು. ‘ಜರಾ’ ಎಂದರೆ ನೀರು ಹರಿಯುವುದು, ಆಮೇಲೆ ಮನುಷ್ಯರೂ ಹರಿದರು, ಅಂದರೆ ಓಡಿದರು. ನಮ್ಮ ಕಚೇರಿಗಳ ಜಾರಿ ಬಂದಿರುವುದು ಅದರಿಂದಲೇ. ಹೊರಟು ಹರಿಯುತ್ತಿರುವ ಆಜ್ಞೆಯೇ ಜಾರಿಯಾದ ಆಜ್ಞೆ. ತಾಲ್ಲೂಕು ಕಚೇರಿಯಲ್ಲಿ ಕಡತಗಳು ಹರಿಯುವ ಚೆಂದವನ್ನು ಅಕ್ಕ ಉಸ್ತಾದಾಗೆ ಬಣ್ಣಿಸಿದಾಗ ಅವರು ನಕ್ಕು, ಇಲ್ಲಿಯೂ ಎಲ್ಲ ಅಷ್ಟೇನೂ ಹರಿಯುವುದಿಲ್ಲ ಎಂದರು.

ಇನ್ನೊಂದು ಪದ ‘ಅದಾ’. ಅದೂ ಓಡುವುದೇ. ಗೆರೆ ದಾಟಿ ಮುಂದೆ ಹೋಗುವುದು ಅದರ ಮೂಲ. ಶತ್ರು ಎಂಬ ಪದವೂ ಅದೇ ಧಾತುವಿನಿಂದ ಬಂದದ್ದು. “ನಿಮ್ಮ ಎಲ್ಲೆ ದಾಟಿ ಒಳಗೆ ಬಂದವನು ಶತ್ರು. ಕೆಲವೊಮ್ಮೆ ಒಳ್ಳೆಯ ಮನಸ್ಸಿನಿಂದ ದಾಟಿದವರೂ” ಎಂದರು ಉಸ್ತಾದಾ. ಅಕ್ಕ ನನ್ನ ಕಡೆ ನೋಡಿದಳೋ ಇಲ್ಲವೋ ನಾನು ಗಮನಿಸಲಿಲ್ಲ. ನಾಳೆಯದು, ನಾಡಿದ್ದಿನದು ಎಲ್ಲವನ್ನೂ ಅಂದೇ ಮುಗಿಸಿಬಿಡಬೇಕೆಂಬ ತವಕದಲ್ಲಿದ್ದೆ.

ಶುಕ್ರವಾರದ ಮೇಕೆ ಸಂತೆ

ನಿಜ್ವಾದ ಮೇಕೆ ಸಂತೆ ನಮ್ಮ ಸಂತೆಗಳ ಹಾಗಲ್ಲ. ನಮ್ಮಲ್ಲಿ ಮೇಕೆ ನಿಂತಿರುತ್ತದೆ, ಕೊಳ್ಳುವವನು ಸುತ್ತುತ್ತಾನೆ. ಇಲ್ಲಿ ಕೊಳ್ಳುವವರು ದುಂಡಗೆ ಕೂತಿರುತ್ತಾರೆ, ಮಾರುವವರು ಮೇಕೆಯ ಹಗ್ಗ ಹಿಡಿದು, ಮರಿಗಳನ್ನು ಕಂಕುಳಲ್ಲಿ ಎತ್ತಿಕೊಂಡು, ನಡುವಿನ ದಾರಿಯಲ್ಲಿ ಸುತ್ತು ಹಾಕುತ್ತಾ ಕೂಗುತ್ತಾರೆ. ಎಲ್ಲರಿಗೂ ಅವಸರ. ಬಿಳಿ ನಿಲುವಂಗಿ, ಸೊಂಟಕ್ಕೆ ಬಾಗಿದ ಬಾಕು, ತಲೆಗೆ ಬಣ್ಣದ ರುಮಾಲು ಸುತ್ತಿದ ಯಜಮಾನರು ಹೋಗುತ್ತಿರುವ ಮೇಕೆಯನ್ನೇ ತಡೆದು, ಬೆನ್ನು ಹಿಸುಕಿ, ತುಟಿ ಎತ್ತಿ ಹಲ್ಲು ನೋಡಿ, ಬೇಡವಾದರೆ ಅದರ ಪೃಷ್ಠಕ್ಕೊಂದು ತಟ್ಟಿ ಕಳಿಸುತ್ತಿದ್ದರು.

“ನೋಡಿ, ನೋಡಿ, ಇದು ನಮ್ಮ ಪದ!” ಎಂದು ಉಸ್ತಾದಾ ನನ್ನ ತೋಳು ಹಿಡಿದರು. “ಹಲ್ಲು ನೋಡಿ ವಯಸ್ಸು ತಿಳಿಯುವುದಕ್ಕೆ ಹಳೆಯ ಅರಬ್ಬಿಯಲ್ಲಿ ‘ಫರ್ರ’ ಅನ್ನುತ್ತಾರೆ. ಓಡಿಹೋಗುವುದೂ ‘ಫರ್ರ’. ಮರಿಗೂ ಅದೇ ಧಾತುವಿನ ಹೆಸರೊಂದಿದೆ.”

ಓಡಿಹೋಗುವುದು ಫರ್ರ. ಅದರಿಂದ ಫರಾರ್, ಅದರಿಂದ ನಮ್ಮ ಪೊಲೀಸ್ ಠಾಣೆಗಳ ಪರಾರಿ. ನನಗೆ ರೋಮಾಂಚನವಾಯಿತು. ಅಕ್ಕನಿಗೆ ಹೇಳೋಣವೆಂದು ತಿರುಗುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಗ್ರಹಾರದಿಂದ ನಾಗರಾಜಪ್ಪ, ಅಕ್ಕನ ಮನೆಯ ಮಾಲೀಕರು.

ಇದನ್ನು ಇಲ್ಲೇ ಹೇಳಬೇಕು. ಅಕ್ಕನ ಮನೆಗೆ ಹತ್ತಬೇಕಾದ್ದು ಗೋಡೆಗೆ ಒರಗಿಸಿಟ್ಟಂತಿರುವ ಕಡಿದಾದ ಮರದ ಮೆಟ್ಟಿಲು. ಆಪರೇಷನ್ ಆದಂದಿನಿಂದ ಆ ಮೆಟ್ಟಿಲು ನನ್ನ ಕಣ್ಣಿಗೆ ಕಟ್ಟಿತ್ತು. ಮೇಟಗಳ್ಳಿಯಲ್ಲಿ ನಾನೂ ನನ್ನ ಯಜಮಾನರೂ ಇರುವುದು ಮೇಲಂತಸ್ತಿನಲ್ಲಿ. ಕೆಳಗಿನ ಮನೆಗೆ ಸುಣ್ಣ ಬಣ್ಣ ಮಾಡಿಸಿ, ಬಚ್ಚಲಿಗೆ ಉಕ್ಕಿನ ಹಿಡಿ ಹಾಕಿಸಿ ಸಿದ್ಧ ಮಾಡಿದ್ದೆ. ಹೊರಡುವ ಮುಂಚೆ ನಾಗರಾಜಪ್ಪನವರಿಗೆ, ಅಕ್ಕ ಈ ತಿಂಗಳು ಖಾಲಿ ಮಾಡುತ್ತಾಳೆ ಎಂದೂ ಹೇಳಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ಪ್ರವಾಸದಲ್ಲಿ ಒಂದು ಒಳ್ಳೆಯ ಹೊತ್ತು ನೋಡಿ ಹೇಳೋಣವೆಂದಿದ್ದೆ.

ಮೇಕೆಗಳ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಒಂದು ಕಿವಿ ಮುಚ್ಚಿಕೊಂಡು ಕೂಗಿದೆ: “ಹೂಂ ಸಾರ್, ತೋರಿಸಿ ಮನೇನ! ಅಕ್ಕ ನಮ್ಮನೆಗೇ ಬರ್ತಾರೆ. ಸಾಮಾನೆಲ್ಲ ನಾನೇ ಸಾಗಿಸ್ತೀನಿ!” ಫೋನಿಟ್ಟು ತಿರುಗಿದರೆ ಅಕ್ಕ ಕೂತಿದ್ದ ಕಲ್ಲುಕಟ್ಟೆ ಖಾಲಿ. ಅವಳ ಕೋಲು ಮಾತ್ರ ಒರಗಿಸಿದ ಹಾಗೇ ಇತ್ತು.

ಉಸ್ತಾದಾ ಹಲ್ವಾ ತರಲು ಹೋಗಿದ್ದರು. ಅಕ್ಕನ ಫೋನು ನನ್ನ ಚೀಲದಲ್ಲಿ. ಅವಳದ್ದೆಲ್ಲವೂ ನನ್ನ ಚೀಲದಲ್ಲೇ, ಪಾಸ್‌ಪೋರ್ಟೂ ಮಾತ್ರೆಯೂ. ಸಂತೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿದೆ. ಒಂದು ಹೋತ ನನ್ನ ಸೆರಗು ಎಳೆಯಿತು. ಸಿಕ್ಕಿದವರನ್ನೆಲ್ಲ ನನ್ನ ಪುಸ್ತಕದ ಅರಬ್ಬಿಯಲ್ಲಿ ಕೇಳಿದೆ: ಬಿರಬಿರನೆ ನಡೆಯುವ ಹೆಂಗಸೊಬ್ಬಳನ್ನು ಕಂಡಿರಾ? ಅವರು ಮರ್ಯಾದೆಯಿಂದ ಕೇಳಿಸಿಕೊಂಡು, ಅರ್ಥವಾಗದೆ, ಮೇಕೆ ಬೇಕೇ ಎಂದರು.

ಕೊನೆಗೊಬ್ಬ ಪೊಲೀಸು ಸಿಕ್ಕಿದ. ಅಷ್ಟರಲ್ಲಿ ನನ್ನ ಬಾಯಲ್ಲಿ ಒಂದೂ ಪದ ಉಳಿದಿರಲಿಲ್ಲ. ಕಳೆದುಹೋಗಿದ್ದಾಳೆ ಎನ್ನಲು ಏನನ್ನಬೇಕು? ತಲೆಯೊಳಗೆ ಆಗತಾನೆ ಕೇಳಿದ್ದು ಮಾತ್ರ ಕುದಿಯುತ್ತಿತ್ತು. “ಫರ್ರತ್ ಉಖ್ತೀ!” ಎಂದೆ. ನನ್ನ ಅಕ್ಕ ಪರಾರಿಯಾಗಿದ್ದಾಳೆ.

ಅವನ ಮುಖ ಗಂಭೀರವಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಚೀಲದಿಂದ ಹೊರಗಿಣುಕಿದ್ದ ಎರಡು ಪಾಸ್‌ಪೋರ್ಟುಗಳನ್ನು ನೋಡಿದ. ಹಿಂದಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಕೇಳಿದ: “ಓಡಿಹೋದರಾ? ಯಾರಿಂದ?”

ಫಲಜ್ ಜಾಡಿನಲ್ಲಿ

ಉಸ್ತಾದಾ ಹಲ್ವಾ ಡಬ್ಬಿ ಹಿಡಿದು ಓಡಿ ಬಂದರು. ಪೊಲೀಸಿನವನಿಗೆ ಏನೋ ವಿವರಿಸಿ, ಸಂತೆಯ ಬಾಗಿಲಲ್ಲಿದ್ದ ಖರ್ಜೂರದಂಗಡಿಯವನನ್ನು ಒಂದೇ ಪ್ರಶ್ನೆ ಕೇಳಿದರು: ಸೀರೆ ಉಟ್ಟು ಬಿಳಿ ಬೂಟು ಹಾಕಿದ್ದವರು ಯಾವ ಕಡೆ ಹೋದರು? ಅವನು ತಲೆಯನ್ನೂ ಎತ್ತದೆ ತೋಟದ ದಾರಿಗೆ ಕೈ ತೋರಿದ. ಬೂಟಿನ ಮಾತು ನನಗೆ ಹೊಳೆದೇ ಇರಲಿಲ್ಲ.

ಸಂತೆಯ ಪಕ್ಕದಲ್ಲೇ ಊರಿನ ಹಳೆಯ ಕೋಟೆ, ಅದರ ಹಿಂದೆ ಖರ್ಜೂರದ ತೋಟಗಳು. ಅವುಗಳ ನಡುವೆ ಮಣ್ಣಿನ ಗೋಡೆಗಳ ಓಣಿ, ಓಣಿಯ ಪಕ್ಕದಲ್ಲೇ ಕೈಯಗಲದ ಕಲ್ಲುಕಾಲುವೆ. ಅದಕ್ಕೆ ಫಲಜ್ ಎನ್ನುತ್ತಾರೆ. ಬೆಟ್ಟದ ಬುಡದ ನೀರನ್ನು ನೆಲದಡಿಯಲ್ಲಿ ತಂದು ಊರೊಳಗೆ ಹರಿಸುವ ಏರ್ಪಾಡು. ಅಂಥ ಬಿಸಿಲಿನಲ್ಲೂ ನೀರು ಸರಸರ ಹೋಗುತ್ತಿತ್ತು, ಯಾರೋ ಕರೆದ ಹಾಗೆ. ನಾವು ಮೂವರೂ ಅದರ ಜಾಡಿನಲ್ಲಿ ನಡೆದೆವು. ನಾನು ಮುಂದೆ, ಹಿಂದೆ ಏದುಸಿರಿನ ಉಸ್ತಾದಾ, ಅವರ ಹಿಂದೆ ಪೊಲೀಸು. ಇಲ್ಲೇ ಇರಬೇಕು ಅನ್ನಿಸಿತು. ನಮ್ಮ ಹಳ್ಳಿಯಲ್ಲಿ ಅಕ್ಕ ಓಡುವುದನ್ನು ಕಲಿತದ್ದು ಅಪ್ಪನ ಗದ್ದೆಯ ಪಕ್ಕದ ನಾಲೆ ಏರಿಯ ಮೇಲೆ. ಸ್ಕೂಲಿಗೆ ಹೋಗುವಾಗ ನೀರಿನಲ್ಲಿ ಎಲೆ ಬಿಟ್ಟು ಅದರ ಜೊತೆ ಓಡುತ್ತಿದ್ದಳು.

ಎಷ್ಟು ದೂರ ನಡೆದಿದ್ದಾಳೆ ಎಂದು ಬೆರಗಾಗುವಷ್ಟು ದೂರ ಹೋದ ಮೇಲೆ ಸಿಕ್ಕಳು. ಒಂದು ಮನೆಯ ಮುಂದೆ, ಮಾವಿನ ಮರದ ನೆರಳಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಬಲಗಾಲು ಇನ್ನೊಂದು ಕುರ್ಚಿಯ ಮೇಲೆ. ಮಂಡಿ ಊದಿ ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಮನೆಯಾಕೆ ಟವೆಲಿನಲ್ಲಿ ಮಂಜುಗಡ್ಡೆ ಸುತ್ತಿ ಒತ್ತುತ್ತಿದ್ದರು. ಅಕ್ಕ ಕಹ್ವಾ ಕುಡಿದು ಬಟ್ಟಲನ್ನು ಅಲ್ಲಾಡಿಸಿ ವಾಪಸು ಕೊಡುತ್ತಿದ್ದಳು.

“ಅಕ್ಕಾ! ಎಲ್ಲಿಗೆ ಹೊರಟೋಗ್ಬುಟ್ಟಿದ್ದೆ? ಪೊಲೀಸ್ನೋರೆಲ್ಲ ಹುಡುಕ್ತಾವ್ರೆ!”

“ಪೊಲೀಸ್ಗೆ ಯಾಕೆ ಹೇಳ್ದೆ? ನಾನೇನು ಮೇಕೆನಾ, ತಪ್ಪಿಸ್ಕೊಂಡೋಗಕ್ಕೆ?”

“ಕೋಲು ಬಿಟ್ಟು ಬಂದಿದೀಯಲ್ಲ! ಮಂಡಿ ನೋಡು ಹೆಂಗಾಗಿದೆ!”

“ನಾಗರಾಜಪ್ಪಂಗೆ ಏನಂದೆ ನೀನು?”

ನಾನು ಚೀಲದಲ್ಲಿ ಅವಳ ಮಾತ್ರೆ ಹುಡುಕತೊಡಗಿದೆ.

“ಕೇಳ್ಸುತ್ತೆ ನಂಗೆ. ಬದಲಾಯ್ಸಿರೋದು ಮಂಡಿ, ಕಿವಿ ಅಲ್ಲ.” ದನಿ ಏರಿಸಿದಳು. “ನನ್ನ ಮನೆ ಖಾಲಿ ಮಾಡಕ್ಕೆ ನೀನು ಯಾರೇ?”

“ಆ ಮೆಟ್ಲು ಕಣಕ್ಕ... ಒಬ್ಳೇ ಬಿದ್ರೆ ಯಾರು ನೋಡ್ತಾರೆ? ಅವತ್ತು ನೀನು ಫೋನ್ ಎತ್ತದೇ ಇದ್ದಾಗ ನಂಗೆ ಜೀವ ಹೋದಂಗಾಯ್ತು ಗೊತ್ತಾ?”

“ಅವತ್ತು ನಾನು ಸ್ನಾನ ಮಾಡ್ತಿದ್ದೆ.” ಆಮೇಲೆ ಮೆಲ್ಲಗೆ ಹೇಳಿದಳು: “ಬೀಳೋ ಭಯ ನಂಗಿಲ್ಲ ಅನ್ಕೋಬೇಡ. ಇದೆ. ಆದ್ರೆ ಹಾಲು ತರಕ್ಕೆ ಕೆಳಗಿಳಿದ್ರೆ ಆ ಬೀದೀಲಿ ನಾಕು ಜನ ‘ಏನ್ ಮಿಸ್, ಚೆನ್ನಾಗಿದೀರಾ’ ಅಂತಾರೆ. ಹೂ ಮಾರೋಳಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್ ತನಕ ನನ್ನ ವಿಷಲ್‌ಗೆ ಓಡಿದೋರು. ಮೇಟಗಳ್ಳೀಲಿ ನನ್ನ ಯಾರು ಮಿಸ್ ಅಂತಾರೆ? ಕೂತ್ಕೊ ಕೂತ್ಕೊ ಅಂತ ನೀನೊಬ್ಳು ಅಂತಿರ್ತೀಯ.”

ಮನೆಯಾಕೆ ಮಂಜುಗಡ್ಡೆ ಒತ್ತುವುದನ್ನು ನಿಲ್ಲಿಸಿರಲಿಲ್ಲ. ಕನ್ನಡ ಬಾರದಿದ್ದರೂ ಅಕ್ಕ ತಂಗಿಯರ ಜಗಳವೆಂದು ತಿಳಿಯಿತೇನೋ, ನನಗೂ ಒಂದು ಕುರ್ಚಿ ತಂದರು. ಪೊಲೀಸಿನವನು ಬಾಗಿಲ ಬಳಿ ನಿಂತು ಎಲ್ಲ ನೋಡಿ, ನನ್ನ ಕಡೆ ಬಗ್ಗಿ ಹಿಂದಿಯಲ್ಲಿ ಕೇಳಿದ: “ಯಾರಿಂದ ಓಡಿದ್ದು ಅಂತ ಗೊತ್ತಾಯ್ತಾ?”

“ನನ್ನಿಂದ” ಎಂದೆ.

ಅವನು ಸಮಾಧಾನವಾದವನಂತೆ ತಲೆಯಾಡಿಸಿ, ಒಂದು ಬಟ್ಟಲು ಕಹ್ವಾ ಕುಡಿದು ಹೋದ.

ಕೋಣೆಯೊಳಗೆ

ಆಸ್ಪತ್ರೆಯ ವೈದ್ಯೆ ಮಂಡಿ ನೋಡಿ, ಊತವಷ್ಟೇ, ಒಳಗೆ ಏನೂ ಆಗಿಲ್ಲ, ಎರಡು ದಿನ ಕಾಲು ಮೇಲಿಟ್ಟುಕೊಂಡು ಮಲಗಲಿ ಎಂದರು. ಆ ಎರಡು ದಿನ ನಾನು ಕಂಡ ಒಮಾನ್ ಎಂದರೆ ಹೋಟೆಲಿನ ಒಂದು ಕಿಟಕಿ. ಕಿಟಕಿಯಲ್ಲಿ ಬೋಳು ಕಂದು ಬೆಟ್ಟ. ಚಾಮುಂಡಿ ಬೆಟ್ಟವನ್ನು ನೋಡಿ ಬೆಳೆದ ಕಣ್ಣಿಗೆ ಆ ಬೆಟ್ಟದ ಮೇಲೆ ಒಂದು ಗಿಡವಾದರೂ ಹುಡುಕುವ ಚಟ. ಹುಡುಕಿ ಹುಡುಕಿ ಸೋತೆ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಫೋನು ತೆಗೆದೆ, ಇಟ್ಟೆ.

ಅಕ್ಕ ನನ್ನ ಫೋನು ಕೇಳಿ ಇಸಿದುಕೊಂಡು ನಾಗರಾಜಪ್ಪನವರಿಗೆ ಮಾಡಿದಳು. ಸ್ಪೀಕರಿನಲ್ಲಿ ಅವರ ದನಿ ಕೋಣೆಯೆಲ್ಲ ತುಂಬಿತು. “ಅಯ್ಯೋ ಮಿಸ್, ನಿಮ್ಮ ತಂಗಿಯೋರು ಅಷ್ಟು ಖಡಾಖಂಡಿತವಾಗಿ ಹೇಳ್ಬುಟ್ರಲ್ಲ, ನಾನು ನಿನ್ನೆ ಬೇರೆಯೋರಿಗೆ ಮಾತು ಕೊಟ್ಬುಟ್ಟೆ. ಗಂಡ ಹೆಂಡ್ತಿ, ಇಬ್ರೂ ಇಲ್ಲೇ ಹೆಬ್ಬಾಳದ ಫ್ಯಾಕ್ಟರೀಲಿ ಕೆಲಸ. ಈಗ ಇಲ್ಲ ಅಂದ್ರೆ ಚೆನ್ನಾಗಿರಲ್ಲ ಕಣ್ರೀ. ಅವ್ರಾಗೇ ಬೇಡ ಅಂದ್ರೆ ನಂದೇನೂ ಇಲ್ಲ.”

ಅಕ್ಕ “ಆಯ್ತು ಬಿಡಿ” ಎಂದು ಫೋನನ್ನು ಹಾಸಿಗೆಯ ಮೇಲಿಟ್ಟಳು. ನನ್ನನ್ನು ಬೈಯಲಿಲ್ಲ. ಗೋಡೆಯ ಕಡೆಗೆ ತಿರುಗಿ ಮಲಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಉಸ್ತಾದಾ ಗಂಜಿಯಂಥ ಹರೀಸ್ ಮಾಡಿಸಿಕೊಂಡು ಬಂದರು. ನನ್ನ ಕೈಗೆ ಕೆಲಸವಿದ್ದರೆ ಒಳ್ಳೆಯದೆಂದು ಅವರಿಗನ್ನಿಸಿರಬೇಕು. ‘ಅಜಿಲ’ ತೆಗೆದುಕೊಳ್ಳೋಣ ಎಂದರು. ಆತುರಪಟ್ಟನು. ಟ್ಯಾಕ್ಸಿಯಲ್ಲಿ ನಾನು ಆಡಿದ್ದೂ ಇದೇ ಧಾತು. ಗಾಡಿಯ ಚಕ್ರಕ್ಕೂ ಇದೇ, ಎಳೆಗರುವಿಗೂ ಇದೇ. ಕರುವಿಗೆ ಯಾಕೆ ಎಂಬುದಕ್ಕೆ ಹಳೆಯ ನಿಘಂಟುಕಾರರು ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. “ಆದರೆ ಬೇಗ ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ” ಎಂದರು. “ಬೇಗ ಎಂದರೆ ಮಾಡುವ ಹೊತ್ತಿಗೆ ಚುರುಕಾಗಿ ಮಾಡುವುದು. ಇದು ಹೊತ್ತಿಗೆ ಮೊದಲೇ ಮಾಡುವುದು. ಕನ್ನಡದಲ್ಲಿ ಏನೆನ್ನುತ್ತೀರಿ?”

“ದುಡುಕೋದು” ಎಂದಳು ಅಕ್ಕ, ಗೋಡೆಯ ಕಡೆ ತಿರುಗಿಕೊಂಡೇ.

ಅದನ್ನೇ ಬರೆದುಕೊಂಡೆ. ಬರೆದ ಮೇಲೆ ಕೂರಲಾಗಲಿಲ್ಲ. ಹೊರಗೆ ಮೊಗಸಾಲೆಗೆ ಹೋಗಿ ನಾಗರಾಜಪ್ಪನವರಿಂದ ಆ ದಂಪತಿಯ ನಂಬರು ತರಿಸಿಕೊಂಡೆ. ಫೋನೆತ್ತಿದ್ದು ಹೆಂಡತಿ, ಸವಿತಾ. ಹಿಂದೆ ಯಂತ್ರಗಳ ಸದ್ದು.

“ಸವಿತಾ ಅವ್ರೇ, ಅಗ್ರಹಾರದಿಂದ ಹೆಬ್ಬಾಳಕ್ಕೆ ದಿನಾ ಹೆಂಗೆ ಹೋಗ್ತೀರಾ?”

“ಎರಡು ಬಸ್ ಹಿಡೀಬೇಕು ಮೇಡಂ. ಮನೆ ಸಿಗೋದೇ ಕಷ್ಟ ಅಂತ ಒಪ್ಕೊಂಡ್ವಿ. ಯಾಕೆ?”

“ಮೇಟಗಳ್ಳೀಲಿ ಕೆಳಗಿನ ಮನೆ ಇದೆ. ನಿಮ್ಮ ಕೆಲಸದ ಜಾಗಕ್ಕೆ ಹತ್ರ. ಹೊಸದಾಗಿ ಬಣ್ಣ ಹೊಡ್ಸಿದೀನಿ. ನೋಡ್ತೀರಾ?”

ಆಕೆ ತುಸು ಯೋಚಿಸಿ, ಯಜಮಾನರದ್ದು ಬೇರೆ ಪಾಳಿ, ಕೇಳಿ ಹೇಳ್ತೀನಿ ಎಂದಳು. ಮರುದಿನವೆಲ್ಲ ಫೋನು ಬರಲಿಲ್ಲ. ಕಾಯುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮಾಡಲೇ, ಬೇಡವೇ, ಮಾಡಲೇ ಎಂದು ಉಗುರು ಕಚ್ಚಿದೆ. ಕಡೆಗೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.

ಅವಳು ಎದ್ದು ಕೂತಳು. “ಆ ಮನೆ ನಂಗೋಸ್ಕರ ಮಾಡ್ಸಿದ್ದಲ್ವೇನೇ? ಕೊಟ್ಬುಡ್ತೀಯಾ?”

“ಕೊಡ್ತೀನಿ.”

“ನಿಜವಾಗ್ಲೂ?”

“ಅವರು ಒಪ್ಬೇಕಷ್ಟೆ ಅಕ್ಕ. ಒಪ್ಪದಿದ್ರೆ ನಂಗೆ ಏನು ಮಾಡಕ್ಕೂ ತೋಚ್ತಿಲ್ಲ.”

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಾಲು ಸವರಿಕೊಳ್ಳುತ್ತಾ ಹೇಳಿದಳು: “ಒಪ್ಪಿದ್ರೆ, ಬಚ್ಚಲಿಗೆ ಹಾಕ್ಸಿದೀಯಲ್ಲ ಹಿಡಿ, ಅದನ್ನ ಬಿಚ್ಚಿಸ್ಕೊಂಡು ಬಾ. ನನ್ನ ಮೆಟ್ಲಿಗೆ ಹಾಕ್ಸೋಣ.” ನನಗೆ ಅಳು ಬಂತು. ಹರೀಸ್ ಇನ್ನೂ ಇದೆಯಾ, ಹಸಿವಾಗ್ತಿದೆ ಎಂದಳು ಅವಳು.

ಬಿದಿಯಾ, ಮರಳಿನ ಅಂಚಿನಲ್ಲಿ

ಊತ ಇಳಿದ ಬೆಳಿಗ್ಗೆ ಉಸ್ತಾದಾ ತಮ್ಮ ದೊಡ್ಡ ಗಾಡಿ ತಂದರು. “ಕುದುರೆ, ಒಂಟೆ ಓಡುವುದನ್ನು ಕಣ್ಣಿಂದ ನೋಡದೆ ಈ ಕೆಲಸ ಮುಗಿಸಿದರೆ ನಾಚಿಕೆ” ಎಂದರು. ಅಕ್ಕ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ಅವಳ ಕೋಲು, ಫೋನು, ಪಾಸ್‌ಪೋರ್ಟು ಈಗ ಅವಳ ಮಡಿಲಲ್ಲೇ. ನಾನು ಹಿಂದೆ ಕೂತು ನನ್ನ ಫೋನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ.

ಕಲ್ಲುಬೆಟ್ಟ ಮುಗಿದು ಕೆಂಪು ಮರಳಿನ ದಿಬ್ಬಗಳು ಶುರುವಾಗುವ ಕಡೆ ಒಂಟೆ ಪಳಗಿಸುವ ಬಯಲಿದೆ. ಉದ್ದಕ್ಕೂ ಬೇಲಿ ಹಾಕಿದ ದಾರಿ. ಬೇಲಿಯ ಆಚೆ ಒಂಟೆಗಳು, ಈಚೆ ಮಾಲೀಕರ ಗಾಡಿಗಳು. ಒಂಟೆಯ ಬೆನ್ನ ಮೇಲೆ ಸವಾರನಿಲ್ಲ, ಬಣ್ಣದ ಅಂಗಿ ತೊಡಿಸಿದ ಸಣ್ಣ ಯಂತ್ರ. ಮಾಲೀಕ ಗಾಡಿಯಲ್ಲಿ ಕೂತು ಗುಂಡಿ ಒತ್ತಿದರೆ ಅದು ಅಲ್ಲಿ ಚಾಟಿ ಬೀಸುತ್ತದೆ. ಹಿಮ್ಮಡಿಯಿಂದ ಒದೆಯುವ ಕಾಲ ಹೋಯಿತು ಎಂದು ನಾನು ಅಂದದ್ದು ಯಾರಿಗೂ ಕೇಳಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಒಂಟೆಗಳು ಹೊರಟುಬಿಟ್ಟವು.

ಒಂಟೆ ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ದಸರಾ ಮೆರವಣಿಗೆಯಲ್ಲಿ ನಿದ್ದೆಗಣ್ಣಿನಲ್ಲಿ ಬರುವ ಒಂಟೆಯೇ ಒಂಟೆ ಎಂದುಕೊಂಡಿದ್ದೆ. ಇವು ಕತ್ತು ಮುಂದಕ್ಕೆ ಚಾಚಿ, ತುಟಿ ಜೋತಾಡಿಸುತ್ತಾ, ಕಾಲುಗಳನ್ನು ನಾಲ್ಕು ದಿಕ್ಕಿಗೆ ಎಸೆಯುತ್ತಾ, ಬೀಳುತ್ತವೇನೋ ಅನ್ನಿಸುತ್ತಾ ಬೀಳದೆ ಹೋಗುತ್ತಿದ್ದವು. ಗಾಡಿಗಳೆಲ್ಲ ಒಮ್ಮೆಗೇ ಹಾರ್ನ್ ಹೊಡೆದು ಬೇಲಿಯ ಪಕ್ಕದಲ್ಲೇ ನುಗ್ಗಿದವು. ಮಸ್ಕತ್ತಿನಲ್ಲಿ ಕೇಳದಿದ್ದ ಹಾರ್ನೆಲ್ಲ ಇಲ್ಲಿ ಕೂಡಿಟ್ಟಿದ್ದರು. ಅಷ್ಟು ಗಂಭೀರರಾದ ನಮ್ಮ ಉಸ್ತಾದಾ, “ಹಿಡಿದುಕೊಳ್ಳಿ!” ಎಂದವರೇ ತಾವೂ ಗಾಡಿಯನ್ನು ಆ ಹಿಂಡಿನೊಳಗೆ ನುಗ್ಗಿಸಿದರು. ಧೂಳು, ಕೂಗು, ಕುಲುಕಾಟ. ಅಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಕೊನೆಯಲ್ಲಿ ಓಡುತ್ತಿದ್ದ ಒಂದು ಕಂದು ಒಂಟೆಯನ್ನು ಆರಿಸಿಕೊಂಡು, ತನ್ನ ಹೈಸ್ಕೂಲಿನ ದನಿಯಲ್ಲಿ ಕಿರುಚುತ್ತಿದ್ದಳು: “ತಲೆ ಎತ್ತಬೇಡ! ಒದಿ, ನೆಲ ಒದಿ! ಓಡು ಕಣಮ್ಮಾ, ಓಡು!”

ಅದೇ ಹೊತ್ತಿಗೆ ನನ್ನ ಮುಷ್ಟಿಯೊಳಗೆ ಫೋನು ನಡುಗಿತು. ಸವಿತಾ.

“ಮೇಡಂ, ಏನೂ ಕೇಳಿಸ್ತಿಲ್ಲ! ಎಲ್ಲಿದೀರಾ?”

“ಮರಳುಗಾಡಲ್ಲಿ! ಹೇಳಿ, ಹೇಳಿ!”

“ನಮ್ಮೋರೂ ಒಪ್ಪಿದ್ರು. ಇವತ್ತೇ ಮನೆ ನೋಡ್ಬೋದಾ? ಚೆನ್ನಾಗಿದ್ರೆ ನಾಗರಾಜಪ್ಪೋರಿಗೆ ಬೇಡ ಅಂದ್ಬುಡ್ತೀವಿ.”

ನೋಡಿ, ನಮ್ಮ ಯಜಮಾನರು ಮೇಲೇ ಇರ್ತಾರೆ, ಬೀಗದ ಕೈ ಕೊಡ್ತಾರೆ ಎಂದು ಒಂದೇ ಉಸಿರಿಗೆ ಕೂಗಿದೆ. ಗಾಡಿ ಹಳ್ಳಕ್ಕಿಳಿದು ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಅಕ್ಕ ಕತ್ತು ಹೊರಳಿಸಿದಳು. ಮುಖವೆಲ್ಲ ಕೆಂಪು ಧೂಳು, ಹುಬ್ಬಿನ ಮೇಲೂ.

“ಯಾರೇ ಅದು?”

“ಸವಿತಾ! ಒಪ್ಪಿದ್ರಂತೆ ಅಕ್ಕ! ಮೇಟಗಳ್ಳಿ ಮನೆ ನೋಡಕ್ಕೆ ಹೋಗ್ತಾವ್ರೆ!”

ಒಂದು ಕ್ಷಣ ಅವಳು ನನ್ನನ್ನೇ ನೋಡಿದಳು. ಕೈ ಹಿಂದಕ್ಕೆ ಚಾಚಿ ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟಳು.

“ಸರಿ, ಆ ಫೋನಿಡು ಮೊದ್ಲು” ಎಂದಳು. “ಈ ಕಡೆ ನೋಡೇ, ನಮ್ಮ ಒಂಟೆ ಇಬ್ಬರನ್ನ ಹಿಂದಾಕ್ತು!”